ಕೆಂಪಣ್ಣನ ಆರೈಕೆ: ದಿನಚರಿಯ ಪುಟಗಳು

ಅಕ್ಟೋಬರ್ 7, 2023, ಶನಿವಾರ
ಕ್ಯಾರಿ, ನಾರ್ತ್ ಕೆರೊಲಿನಾ

ಪಕ್ಕದ ಮನೆಯ ಅಜ್ಜ ಮನೆ ಮಾರಿ ಮಗಳ ಊರಿಗೆ ಹೊರಟರು. ಹೊರಡುವ ಮುಂಚೆ ನಮ್ಮನ್ನು ಗ್ಯಾರೇಜಿಗೆ ಕರೆದು ಒಂದು ಗಾಜಿನ ತೊಟ್ಟಿ ತೋರಿಸಿದರು. ಒಳಗೆ ಒಂದು ಬಾಕ್ಸ್ ಟರ್ಟಲ್. ಎಷ್ಟೋ ವರ್ಷಗಳ ಹಿಂದೆ ರಸ್ತೆ ದಾಟುತ್ತಿದ್ದದ್ದನ್ನು ಎತ್ತಿ ತಂದು ಸಾಕಿದ್ದಂತೆ. ಇನ್ನು ತನ್ನ ಕೈಯಲ್ಲಿ ಆಗುವುದಿಲ್ಲ, ನೀವು ಇಟ್ಟುಕೊಳ್ಳುತ್ತೀರಾ ಎಂದು ಕೇಳುವಾಗ ಅವರ ಗಂಟಲು ಕಟ್ಟಿತ್ತು. ಮಗಳು ಪುಟ್ಟಿ ನನ್ನ ಮುಖ ನೋಡಿದಳು, ನಾನು ನಮ್ಮವರ ಮುಖ ನೋಡಿದೆ. ಸಂಜೆಗೆ ಆಮೆ ನಮ್ಮ ಮನೆಗೆ ಬಂತು. ಕಣ್ಣು ಕೆಂಪಗಿದೆಯೆಂದು ಅಜ್ಜ ಇಟ್ಟ ಹೆಸರು ರೆಡ್. ಊರಿಂದ ಬಂದಿರುವ ಅಮ್ಮ ಮೊದಲ ಸಲಕ್ಕೇ ಕೆಂಪಣ್ಣ ಎಂದಳು, ಅದೇ ನಿಂತಿತು.

ಆದರೆ ಆ ಕೆಂಪು ಕಣ್ಣು ಕಾಣುತ್ತಿಲ್ಲ. ಎರಡೂ ರೆಪ್ಪೆ ಊದಿಕೊಂಡು ಮುಚ್ಚಿವೆ. ಎಡಗಣ್ಣಿನ ಹಿಂದೆ, ಕಿವಿ ಇರುವ ಜಾಗದಲ್ಲಿ, ಕಡಲೆಕಾಳಿನ ಗಾತ್ರದ ಗಂಟು. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಏಳುತ್ತದೆ, ಒಡೆಯುತ್ತದೆ. ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಾನೆ. ಬೆನ್ನಿನ ಚಿಪ್ಪಿನ ಮೇಲಿರುವ ಹಳದಿ ಗೀರುಗಳು ಧೂಳು ಹಿಡಿದು ಮಂಕಾಗಿವೆ.

ಅಮ್ಮ ಹತ್ತಿರ ಕೂತು ಬೆರಳಿನಿಂದ ಮುಂಗಾಲು ಮುಟ್ಟಿದಳು. "ಏನೇ ಇದು, ಮುಟ್ಟಿದ್ರೂ ಒಳಗೆ ಎಳ್ಕೊಳ್ತಿಲ್ವಲ್ಲ?" ಅಮ್ಮ ದಿನಾ ಗೀತೆ ಓದುವವಳು. ಅಂಗಗಳನ್ನೆಲ್ಲ ಒಳಗೆ ಸೆಳೆದುಕೊಳ್ಳುವ ಆಮೆಯ ಮಾತು ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಒಳಗೆ ಎಳ್ಕೊಳ್ಳೋದಕ್ಕೂ ತ್ರಾಣ ಬೇಕು ಕಣೇ."

ಅಕ್ಟೋಬರ್ 8, ಭಾನುವಾರ

ಆಮೆ, ಹಾವು, ಹಲ್ಲಿಗಳನ್ನು ನೋಡುವ ಪಶುವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ಹುಡುಕಿ ಫೋನ್ ಮಾಡಿದ್ದಕ್ಕೆ ನಾಳೆ ಬೆಳಿಗ್ಗೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ಏನು ಮಾಡಬೇಕೆಂದು ಕೇಳಿದರೆ, ಮೊದಲು ಬೆಚ್ಚಗಿಡಿ ಎಂಬ ಉತ್ತರ.

ನಮಗೆ ಜ್ವರ ಬಂದರೆ ಮೈ ತಾನೇ ಕಾವೇರುತ್ತದೆ. ಆಮೆಗೆ ಆ ಸೌಕರ್ಯವಿಲ್ಲ. ಸುತ್ತಲಿನ ಗಾಳಿ, ಮಣ್ಣು ಎಷ್ಟು ಬೆಚ್ಚಗಿದೆಯೋ ಅಷ್ಟೇ ಅದರ ಮೈ. ಮೈ ತಣ್ಣಗಿದ್ದರೆ ರೋಗದ ಜೊತೆ ಸೆಣಸುವ ಶಕ್ತಿಯೂ ತಣ್ಣಗೆ, ಅರಗುವುದೂ ನಿಧಾನ, ಕೊಟ್ಟ ಔಷಧಿಯೂ ಸರಿಯಾಗಿ ಹತ್ತುವುದಿಲ್ಲ. ಆ ಗ್ಯಾರೇಜಿನಲ್ಲಿ ಈಗಿನ ರಾತ್ರಿಗಳು ಎಷ್ಟು ತಣ್ಣಗಿದ್ದವೋ.

ನಮ್ಮವರು ದೊಡ್ಡ ಪ್ಲಾಸ್ಟಿಕ್ ಟಬ್ ತಂದರು. ಗಾಜಿನ ತೊಟ್ಟಿ ಬೇಡ. ಗಾಜು ಕಾಣದೆ ಆಮೆ ದಿನವಿಡೀ ಅದನ್ನೇ ನೂಕುತ್ತಿರುತ್ತದೆ. ಟಬ್ಬಿನ ತಳಕ್ಕೆ ತೆಂಗಿನ ನಾರಿನ ಪುಡಿಯನ್ನು ನೆನೆಸಿ ಹಾಸಿದೆವು. ಮೇಲೆ ದರಗು, ಒಂದು ಮೂಲೆಯಲ್ಲಿ ಒದ್ದೆ ಪಾಚಿ. ಬೆಳಕಿಲ್ಲದೆ ಕಾವು ಕೊಡುವ ಸೆರಾಮಿಕ್ ಬಲ್ಬ್ ಒಂದು ತುದಿಗೆ, ಇನ್ನೊಂದು ತುದಿ ತುಸು ತಂಪು. ಬೆಚ್ಚಗಿನ ಕಡೆ 29 ಡಿಗ್ರಿ ಸೆಲ್ಸಿಯಸ್. ಯಾವ ಕಡೆ ಬೇಕೋ ಅವನೇ ಆರಿಸಿಕೊಳ್ಳಲಿ.

ಅವನ ತಟ್ಟೆ, ಸ್ನಾನದ ಬೋಗುಣಿ, ತೂಕದ ಸ್ಕೇಲ್ ಎಲ್ಲ ಬೇರೆ. ಯಾವುದೂ ಅಡುಗೆಮನೆಗೆ ಬರಕೂಡದು. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕೆಂದು ಪುಟ್ಟಿಗೆ ಹೇಳಿದರೆ, ಅವಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದಾಳೆ.

ಅಕ್ಟೋಬರ್ 9, ಸೋಮವಾರ

ಡಾಕ್ಟರ್ ಕೆಂಪಣ್ಣನನ್ನು ಮಗುಚಿ ತೋರಿಸಿದರು. ಹೊಟ್ಟೆಯ ಚಿಪ್ಪು ನಡುವೆ ಒಳಕ್ಕೆ ತಗ್ಗಾಗಿದೆ. ಗಂಡು ಎನ್ನುವುದಕ್ಕೆ ಅದೇ ಗುರುತು, ಕೆಂಪು ಕಣ್ಣೂ ಹೆಚ್ಚಾಗಿ ಗಂಡಿಗೇ. ಅದೇ ಚಿಪ್ಪಿಗೆ ಅಡ್ಡಲಾಗಿ ಒಂದು ಕೀಲು. ಅದರಿಂದಲೇ ಈ ಜಾತಿ ಮುಂದೆಯೂ ಹಿಂದೆಯೂ ಮುಚ್ಚಿಕೊಂಡು ಪೆಟ್ಟಿಗೆಯಾಗುತ್ತದೆ. ತೂಕ 338 ಗ್ರಾಂ. ಇಷ್ಟು ಉದ್ದದ ಗಂಡಿಗೆ ಇದು ಕಡಿಮೆ.

ಎದೆಬಡಿತ ಕೇಳುವುದಕ್ಕೆ ಸ್ಟೆತೊಸ್ಕೋಪ್ ಸಾಲದು, ಚಿಪ್ಪು ಅಡ್ಡ ಬರುತ್ತದೆ. ಕತ್ತಿಗೂ ಮುಂಗಾಲಿಗೂ ನಡುವಿನ ಮೆತ್ತನೆಯ ಜಾಗಕ್ಕೆ ಜೆಲ್ ಹಚ್ಚಿ ಡಾಪ್ಲರ್ ಕಡ್ಡಿ ಒತ್ತಿದರು. ಸ್ಪೀಕರಿನಿಂದ ಹುಶ್, ಹುಶ್ ಎಂಬ ಸದ್ದು ಬಂತು. ಅಮ್ಮ ಕೈ ಮುಗಿದಳು.

ಎಕ್ಸ್‌ರೇಯಲ್ಲಿ ಒಂದು ಕಡೆಯ ಶ್ವಾಸಕೋಶ ಮಸುಕು. ನ್ಯುಮೋನಿಯಾ. ಆಮೆಯ ಶ್ವಾಸಕೋಶ ಬೆನ್ನಿನ ಚಿಪ್ಪಿಗೆ ತಾಗಿಕೊಂಡೇ ಇರುತ್ತದೆ. ನಮಗಿರುವಂಥ ವಪೆ ಅದಕ್ಕಿಲ್ಲ, ಹಾಗಾಗಿ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ. ವಾಸಿಯಾಗಲು ಇಷ್ಟು ಕಾಲ ಹಿಡಿಯುವುದು ಅದಕ್ಕೇ.

ಕಣ್ಣು, ಕಿವಿ, ಶ್ವಾಸಕೋಶ ಬೇರೆ ಬೇರೆ ಕಾಯಿಲೆಯೆಂದು ನಾನು ಅಂದುಕೊಂಡಿದ್ದೆ. ಬೇರು ಒಂದೇ ಎಂದರು ಡಾಕ್ಟರ್. ವಿಟಮಿನ್ ಎ ಕೊರತೆ. ಈ ಸತ್ವ ಇಲ್ಲದಿದ್ದರೆ ರೆಪ್ಪೆಯ ಗ್ರಂಥಿ, ಕಿವಿಯಿಂದ ಗಂಟಲಿಗೆ ಹೋಗುವ ನಾಳ, ಉಸಿರಿನ ದಾರಿ ಎಲ್ಲೆಲ್ಲೂ ಒಳಪೊರೆಯ ಜೀವಕೋಶಗಳು ಒರಟಾಗಿ ಪದರು ಪದರಾಗಿ ಕಟ್ಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. ಅಜ್ಜ ಹಾಕುತ್ತಿದ್ದದ್ದು ಹೆಚ್ಚಾಗಿ ಐಸ್‌ಬರ್ಗ್ ಲೆಟ್ಯೂಸ್. ಅದರಲ್ಲಿ ಇರುವುದು ಬಹುಪಾಲು ನೀರು. ಹಾಗಂತ ವಿಟಮಿನ್ ಎ ಇಂಜೆಕ್ಷನ್ ಚುಚ್ಚಿಬಿಡುವಂತೆಯೂ ಇಲ್ಲ, ಹೆಚ್ಚಾದರೆ ಚರ್ಮ ಸುಲಿದು ಬರುತ್ತದೆ. ಊಟದ ಮೂಲಕ ನಿಧಾನಕ್ಕೆ ತುಂಬಬೇಕು.

ಆಂಟಿಬಯಾಟಿಕ್ ಸೆಫ್ಟಾಜಿಡೀಮ್, ಮೂರು ದಿನಕ್ಕೊಮ್ಮೆ. ಮೊದಲನೆಯದನ್ನು ಅವರೇ ಕೊಟ್ಟರು. ಮುಂಗಾಲಿಗೇ ಕೊಡಬೇಕು, ಹಿಂಗಾಲಿಗೆ ಬೇಡ. ಆಮೆಯ ದೇಹದ ಹಿಂಭಾಗದ ರಕ್ತ ಮೂತ್ರಪಿಂಡವನ್ನು ಹಾದು ಬರುವುದುಂಟು, ಔಷಧಿ ಕೆಲಸ ಮಾಡುವ ಮುಂಚೆಯೇ ಸೋರಿಹೋಗಬಹುದು. ಉಳಿದ ಸಿರಿಂಜುಗಳನ್ನು ಅಳತೆ ಮಾಡಿ ತುಂಬಿ ಕೊಟ್ಟಿದ್ದಾರೆ. ಫ್ರೀಜರಿನಲ್ಲಿ ಅಮ್ಮನ ಕಾಯಿತುರಿಯ ಪಕ್ಕದಲ್ಲಿ ಈಗ ಮುಚ್ಚಿದ ಡಬ್ಬದೊಳಗೆ ಅವು ಕೂತಿವೆ.

ಅಕ್ಟೋಬರ್ 12, ಗುರುವಾರ

ಮನೆಯಲ್ಲಿ ಮೊದಲ ಇಂಜೆಕ್ಷನ್. ಸಿರಿಂಜನ್ನು ಅಂಗೈಯಲ್ಲಿ ಹಿಡಿದು ಕರಗಿಸಿದೆ. ನಮ್ಮವರು ಚಿಪ್ಪು ಹಿಡಿದರು, ನಾನು ಬಲ ಮುಂಗಾಲನ್ನು ಮೆಲ್ಲಗೆ ಮುಂದಕ್ಕೆ ತಂದು, ಹುರುಪೆಗಳ ನಡುವಿನ ಮೆತ್ತಗಿನ ಚರ್ಮ ಹುಡುಕಿ ಚುಚ್ಚಿದೆ. ಅವನು ಎಳೆದುಕೊಳ್ಳಲಿಲ್ಲ. ಅಷ್ಟು ಸಲೀಸಾಗಿ ಮುಗಿದದ್ದೇ ನನಗೆ ಸಂಕಟವಾಯಿತು.

ಅಕ್ಟೋಬರ್ 15, ಭಾನುವಾರ

ಇಂದಿನಿಂದ ನವರಾತ್ರಿ. ಅಮ್ಮ ಬೆಳಿಗ್ಗೆ ದೇವರ ದೀಪ ಹಚ್ಚಿ, ನೇರ ಕೆಂಪಣ್ಣನ ಕೋಣೆಗೆ ಬಂದಳು.

ಸ್ನಾನದ ಕೆಲಸ ಈಗ ಅಮ್ಮನದೇ. ಬೋಗುಣಿಯಲ್ಲಿ ಗದ್ದದ ಮಟ್ಟಕ್ಕೆ ಉಗುರುಬೆಚ್ಚಗಿನ ನೀರು. ಅದಕ್ಕಿಂತ ಮೇಲೆ ಬಂದರೆ ಈ ನಿತ್ರಾಣದಲ್ಲಿ ಮುಳುಗಿಬಿಟ್ಟಾನು. ಕಾಯಿಲೆ ಬಿದ್ದ ಆಮೆಯನ್ನು ಹಸಿವಿಗಿಂತ ಮೊದಲು ಒಣಗುವಿಕೆ ಕೊಲ್ಲುತ್ತದೆ, ಅದಕ್ಕೇ ದಿನವೂ ನೀರು. ಕಾಲು ಗಂಟೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಇವತ್ತು ಅವನು ಕತ್ತು ಬಗ್ಗಿಸಿ ಮೂಗನ್ನು ನೀರಿಗೆ ಅದ್ದಿ ಕುಡಿದ. ಗಂಟಲಿನ ಚರ್ಮ ಏರಿ ಇಳಿಯುವುದು ಸ್ಪಷ್ಟವಾಗಿ ಕಂಡಿತು. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಕಲಸಿದ ಸುಣ್ಣದಂಥ ಬಿಳಿ ಪದಾರ್ಥ ತೇಲಿತು. ಅದು ಆಮೆಯ ಮೂತ್ರದ ಯೂರೇಟ್. ಮೆತ್ತಗಿದ್ದರೆ ಒಳ್ಳೆಯದು, ಮರಳಿನಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಸಾಲದು ಎಂದರ್ಥ. ಮೆತ್ತಗಿತ್ತು.

ಊಟ ಮಾತ್ರ ಇಲ್ಲ. ಕಣ್ಣು ಕಾಣದ ಆಮೆ ತಟ್ಟೆಯಲ್ಲಿ ಏನಿಟ್ಟರೂ ಮುಟ್ಟುವುದಿಲ್ಲ. ಬಲವಂತವಾಗಿ ಬಾಯಿ ತೆರೆಸಬೇಡಿ, ದವಡೆಗೆ ಪೆಟ್ಟಾಗುತ್ತದೆ ಎಂದಿದ್ದಾರೆ. ಬೇಕಾದರೆ ಅವರೇ ನಳಿಕೆಯಲ್ಲಿ ಕೊಡುತ್ತಾರಂತೆ. ತೂಕ 335.

ಅಕ್ಟೋಬರ್ 18, ಬುಧವಾರ

ಕಿವಿಯ ಗಂಟಿನ ಆಪರೇಷನ್ ಆಯಿತು. ಗಂಟಿನೊಳಗೆ ಇದ್ದದ್ದು ಕೀವು. ನಮ್ಮ ಕೀವಿನಂತೆ ಆಮೆಯ ಕೀವು ತೆಳ್ಳಗೆ ಹರಿಯುವುದಿಲ್ಲ. ಕೀವನ್ನು ಕರಗಿಸುವ ಕಿಣ್ವದ ಬಲ ಅದರ ಬಿಳಿ ರಕ್ತಕಣಗಳಿಗಿಲ್ಲ. ಹಾಗಾಗಿ ಗಟ್ಟಿ ಗಡ್ಡೆಯಾಗಿ ಕೂರುತ್ತದೆ, ಔಷಧಿಯೂ ಅದರೊಳಗೆ ಇಳಿಯುವುದಿಲ್ಲ. ಕೊಯ್ದು ತೆಗೆಯುವುದೊಂದೇ ದಾರಿ. ಆಮೆ ಬಹಳ ಹೊತ್ತು ಉಸಿರು ಹಿಡಿದಿಟ್ಟುಕೊಳ್ಳಬಲ್ಲದು, ಅದಕ್ಕೆ ಅರಿವಳಿಕೆಯನ್ನು ಗಾಳಿಯಲ್ಲಿ ಮೂಸಿಸದೆ ಇಂಜೆಕ್ಷನ್ ಮೂಲಕ ಕೊಟ್ಟರು. ತಮಟೆಯ ಪೊರೆ ಸೀಳಿ ಹೊರತೆಗೆದದ್ದನ್ನು ಗಾಜಿನ ತಟ್ಟೆಯಲ್ಲಿಟ್ಟು ತೋರಿಸಿದರು. ಹಳದಿ, ಪದರು ಪದರು, ಚಿಮುಟದಿಂದ ಒತ್ತಿದರೂ ಒಡೆಯದಷ್ಟು ಗಟ್ಟಿ. ಅಷ್ಟು ಪುಟ್ಟ ತಲೆಯಲ್ಲಿ ಅಷ್ಟನ್ನು ಹೊತ್ತುಕೊಂಡು, ಒಂದು ಸದ್ದೂ ಮಾಡದೆ ಎಷ್ಟು ಕಾಲ ಇದ್ದನೋ. ಕಾಡಿನಲ್ಲಿ ಬಳಲಿಕೆ ತೋರಿಸಿದ ಪ್ರಾಣಿಯನ್ನು ಇನ್ನೊಂದು ಪ್ರಾಣಿ ತಿನ್ನುತ್ತದೆ. ನೋವು ಮುಚ್ಚಿಡುವುದು ಅವನ ರಕ್ತದಲ್ಲೇ ಇದೆ. ಸಾಕುವವರಿಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ.

ಗಾಯ ಹೊಲಿದಿಲ್ಲ. ಒಳಗಿನಿಂದ ಮಾಯಲಿ ಎಂದು ತೆರೆದೇ ಬಿಟ್ಟಿದ್ದಾರೆ. ದಿನವೂ ತೊಳೆಯಬೇಕು.

ಅಕ್ಟೋಬರ್ 24, ಮಂಗಳವಾರ

ವಿಜಯದಶಮಿ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಅಮ್ಮ ಕೂಗಿದಳು. ಎಲ್ಲರೂ ಓಡಿದೆವು. ಬಲಗಣ್ಣಿನ ರೆಪ್ಪೆ ಅರ್ಧ ಸರಿದಿತ್ತು. ಒಳಗೆ ಕೆಂಡದಂಥ ಕೆಂಪು, ನಡುವೆ ಕಪ್ಪು ಪಾಪೆ. ಅದು ಅಲುಗಿತು, ಪುಟ್ಟಿಯ ಬೆರಳು ಹೋದ ಕಡೆಗೆ ತಿರುಗಿತು.

ಸಂಜೆಯ ಇಂಜೆಕ್ಷನ್ನಿಗೆ ಮುಂಗಾಲು ಹಿಡಿಯಹೋದರೆ ಬುಸ್ಸೆಂದು ಗಾಳಿ ಬಿಟ್ಟು ಪೂರಾ ಒಳಗೆ ಸೇರಿ ಕೀಲು ಮುಚ್ಚಿಬಿಟ್ಟ. ನಡುವೆ ಒಂದು ಹುಲ್ಲುಕಡ್ಡಿ ತೂರಿಸಲೂ ಜಾಗವಿರಲಿಲ್ಲ. ಕೀಲನ್ನು ಎಂದೂ ಬಲವಂತದಿಂದ ತೆರೆಯಬಾರದು. ನೆಲದ ಮೇಲಿಟ್ಟು ಸುಮ್ಮನೆ ಕೂತೆವು. ಬಹಳ ಹೊತ್ತಿನ ಮೇಲೆ ಮೂತಿ ಬಂತು, ಆಮೇಲೆ ಒಂದು ಕಾಲು. ಇಂಜೆಕ್ಷನ್ ಮುಗಿಯುವಷ್ಟರಲ್ಲಿ ರಾತ್ರಿಯ ಅಡುಗೆ ತಡವಾಯಿತು. "ಈಗ ತ್ರಾಣ ಬಂತು ನೋಡು" ಎಂದು ಅಮ್ಮನ ಮುಖವೆಲ್ಲ ಅರಳಿತ್ತು.

ಅಕ್ಟೋಬರ್ 26, ಗುರುವಾರ

ಇವತ್ತು ಉಂಡ. ಬೇಯಿಸಿದ ಗೆಣಸು, ತುರಿದ ಸಿಹಿಗುಂಬಳ, ಕ್ಯಾರೆಟ್ಟನ್ನು ತಟ್ಟೆಯಲ್ಲಿಟ್ಟು ಮೇಲೆ ಒಂದು ಎರೆಹುಳ ಬಿಟ್ಟೆ. ಹುಳ ಹೊರಳಿದ್ದೇ ತಡ ಅವನ ಕತ್ತು ನೆಟ್ಟಗಾಯಿತು. ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ ದಿಟ್ಟಿಸಿದ. ಒಂದು ಹೆಜ್ಜೆ ಮುಂದೆ ಬಂದ. ನಿಂತ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿ ಹಾಕಿ, ಮುಂಗಾಲಿನಿಂದ ಹುಳವನ್ನು ಒತ್ತಿ ಹಿಡಿದು ಎಳೆದ. ಹುಳದ ಜೊತೆ ಅಂಟಿದ್ದ ಸಿಹಿಗುಂಬಳವೂ ಒಳಗೆ ಹೋಯಿತು. ಹೀಗೆ ಹುಳದ ಆಸೆಯಲ್ಲಿ ತರಕಾರಿಯ ರುಚಿ ಹತ್ತಿಸಬೇಕೆಂದೇ ಡಾಕ್ಟರ್ ಹೇಳಿದ್ದು. ತಟ್ಟೆಯ ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿಯೂ ಇತ್ತು.

ಅಮ್ಮ ಮೊಟ್ಟೆಯನ್ನೂ ಮುಟ್ಟದವಳು. ಹುಳದ ಡಬ್ಬ ಮನೆಗೆ ಬಂದಾಗ ಏನನ್ನುತ್ತಾಳೋ ಎಂಬ ಅಳುಕಿತ್ತು. ಅವಳು ಕೊನೆಯ ತನಕ ನೋಡಿ, "ಅದರ ಆಹಾರ ಅದಕ್ಕೆ. ನಮ್ಮ ಮಡಿ ಅದಕ್ಯಾಕೆ?" ಎಂದಳು. ಕಾಡಿನಲ್ಲಿ ಇವು ಅಣಬೆ, ಗೊಂಡೆಹುಳ, ಬಿದ್ದ ಹಣ್ಣು ಎಲ್ಲವನ್ನೂ ತಿನ್ನುತ್ತವೆ. ಇಲ್ಲಿಯ ಕಾಡುಗಳಲ್ಲಿ ಬೆಳೆಯುವ ಮೇಆ್ಯಪಲ್ ಎಂಬ ಪುಟ್ಟ ಗಿಡದ ಬೀಜ ಹರಡುವುದೇ ಹೆಚ್ಚಾಗಿ ಈ ಆಮೆಗಳು ಎಂದು ಹೇಳಿದೆ. "ಹಾಗಾದ್ರೆ ಕಾಡಿನ ಬೇಸಾಯಗಾರ ಇವನು" ಎಂದಳು.

ನವೆಂಬರ್ 5, ಭಾನುವಾರ

ಇವತ್ತು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಇಟ್ಟೆವು. ಐದೂಕಾಲಿಗೆಲ್ಲ ಕತ್ತಲು. ಹಿತ್ತಿಲ ಓಕ್ ಮರಗಳ ಎಲೆ ಉದುರಿ ಬಿದ್ದಿವೆ. ಇವನ ನೆಂಟರೆಲ್ಲ ಈಗ ಅದೇ ದರಗಿನ ಕೆಳಗೆ, ಸಡಿಲ ಮಣ್ಣಿನೊಳಗೆ ಇಳಿಯುವ ಕಾಲ. ಚಳಿಗಾಲವಿಡೀ ಉಣ್ಣದೆ, ಎದೆಬಡಿತ ತೀರಾ ನಿಧಾನವಾಗಿ ಮಲಗಿರುತ್ತವೆ. ಆರೋಗ್ಯವಾಗಿರುವ ಆಮೆಗೆ ಅದು ಸಹಜ. ಕಾಯಿಲೆಯಿಂದ ಏಳುತ್ತಿರುವ ಆಮೆ ಹಾಗೆ ಮಲಗಿದರೆ ವಸಂತಕ್ಕೆ ಏಳುವುದಿಲ್ಲ. ಅದಕ್ಕೇ ನಮ್ಮವರು ದೀಪಕ್ಕೆ ಟೈಮರ್ ಕಟ್ಟಿ, ದಿನಕ್ಕೆ ಹದಿಮೂರು ಗಂಟೆ ಬೆಳಕು ಬರುವಂತೆ ಮಾಡಿದ್ದಾರೆ. ಅವನ ಲೆಕ್ಕದಲ್ಲಿ ಇನ್ನೂ ಬೇಸಿಗೆ.

ಆ ಬೆಳಕೂ ಎಂಥದೋ ಒಂದಾದರೆ ಸಾಲದು. ಬಿಸಿಲಿನಲ್ಲಿರುವ ಯುವಿಬಿ ಕಿರಣ ಇರಬೇಕು. ಅದು ಚರ್ಮಕ್ಕೆ ಬಿದ್ದರೆ ವಿಟಮಿನ್ ಡಿ, ವಿಟಮಿನ್ ಡಿ ಇದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಿಟಕಿ ಗಾಜು ಆ ಕಿರಣವನ್ನು ತಡೆಯುತ್ತದೆ, ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಬಲ್ಬ್ ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಆ ಕಿರಣ ಕ್ಷೀಣಿಸುತ್ತದೆ, ಕಾಲಕಾಲಕ್ಕೆ ಬದಲಿಸಬೇಕು.

ಕೋಣೆಯಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಬಿಸಿಲಿಗೆ ಒಂದು ಬಲ್ಬ್, ಬೆಚ್ಚನೆ ನೆಲಕ್ಕೆ ಇನ್ನೊಂದು. ಮಳೆಗೆ ಬೋಗುಣಿ, ತೇವಕ್ಕೆ ನೀರು ಚಿಮುಕಿಸುವ ಬಾಟಲಿ. ಅಂಗಡಿಯಿಂದ ತಂದ ಹುಳ, ಅಂಗಡಿಯಿಂದ ತಂದ ಪಾಚಿ. ಹಿತ್ತಿಲಾಚೆಯ ಕಾಡು ಬಿಟ್ಟಿಯಾಗಿ ಕೊಡುವುದನ್ನು ನಾವು ಒಂದೊಂದೇ ಕೊಂಡು ತಂದು ಜೋಡಿಸುತ್ತಿದ್ದೇವೆ. ಒಂದು ತಪ್ಪಿದರೂ ಅವನ ಮೈಯಲ್ಲಿ ಅದು ಕಾಯಿಲೆಯಾಗಿ ಕಾಣಿಸುತ್ತದೆ.

ನವೆಂಬರ್ 12, ಭಾನುವಾರ

ದೀಪಾವಳಿ. ಬೆಂಗಳೂರಿನಿಂದ ಅಣ್ಣನ ಮನೆಯವರು ವಿಡಿಯೋ ಕರೆ ಮಾಡಿದ್ದರು. ಕೆಂಪಣ್ಣ ಸಿಹಿಗುಂಬಳ ಮೆಲ್ಲುವುದನ್ನು ತೋರಿಸಿದೆ. ಅಣ್ಣನ ಮಗನಿಗೆ ಆಸೆ ಹುಟ್ಟಿತು. "ಅತ್ತೆ, ಇಲ್ಲೂ ನಕ್ಷತ್ರ ಆಮೆ ಸಿಗುತ್ತಂತೆ, ನಾನೂ ಒಂದು ಸಾಕ್ಲಾ?"

ಬೇಡ ಕಂದಾ ಎಂದೆ, ಕಾರಣವನ್ನೂ ಹೇಳಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಒಣ ಕುರುಚಲು ಕಾಡಿನಲ್ಲಿ ಆ ಆಮೆ ತನ್ನ ಪಾಡಿಗೆ ಹುಲ್ಲು ಮೇಯುತ್ತಾ ಬದುಕುತ್ತದೆ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಳ್ಳಸಾಗಣೆ ಮಿತಿಮೀರಿ 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಅದನ್ನು ಸೇರಿಸಬೇಕಾಯಿತು. ಕೊಳ್ಳುವ ಕೈ ಇರುವುದರಿಂದಲೇ ಹಿಡಿಯುವ ಕೈ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ರೆ ನಿಮ್ಮ ಕೆಂಪಣ್ಣನ್ನ ಯಾಕೆ ಕಾಡಿಗೆ ಬಿಡಲ್ಲ?" ಎಂದ. ಒಳ್ಳೆಯ ಪ್ರಶ್ನೆ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ.

ನವೆಂಬರ್ 25, ಶನಿವಾರ

ಮರುತಪಾಸಣೆ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಕಪ್ಪಗೆ, ಸ್ವಚ್ಛವಾಗಿ ಕಂಡವು. ಗಾಳಿ ತುಂಬಿದ ಜಾಗ ಎಕ್ಸ್‌ರೇಯಲ್ಲಿ ಕಪ್ಪಗಿರಬೇಕು. ಕಿವಿಯ ಗಾಯ ಮಾದು ಹೊಸ ಚರ್ಮ ಬಂದಿದೆ. ಎರಡೂ ಕಣ್ಣು ತೆರೆದಿವೆ. ತೂಕ 371. ಇಂಜೆಕ್ಷನ್ ಇನ್ನು ಬೇಡ.

ಕಾಡಿಗೆ ಬಿಡುವ ವಿಚಾರ ಕೇಳಿದೆ. ಡಾಕ್ಟರ್ ಖಡಾಖಂಡಿತವಾಗಿ ಬೇಡವೆಂದರು. ಬಾಕ್ಸ್ ಟರ್ಟಲ್ ಹುಟ್ಟಿದ ಕೆಲವೇ ಎಕರೆ ಜಾಗದಲ್ಲಿ ಬದುಕಿಡೀ ಕಳೆಯುತ್ತದೆ. ಎಲ್ಲಿ ನೀರು, ಯಾವ ಮರದಡಿ ಅಣಬೆ, ಎಲ್ಲಿ ಮಣ್ಣು ಸಡಿಲ ಎಂಬುದೆಲ್ಲ ಅದಕ್ಕೆ ಬಾಯಿಪಾಠ. ಬೇರೆ ಕಡೆ ಬಿಟ್ಟರೆ ತನ್ನ ಜಾಗ ಹುಡುಕಿಕೊಂಡು ನಡೆಯುತ್ತಲೇ ಇರುತ್ತದೆ, ರಸ್ತೆಯಲ್ಲಿ ಸಾಯುತ್ತದೆ. ಇವನನ್ನು ಎತ್ತಿದ ಜಾಗ ಈಗ ಯಾರಿಗೂ ನೆನಪಿಲ್ಲ. ಅದೂ ಅಲ್ಲದೆ ಮನೆಯಲ್ಲಿ ಬೆಳೆದ ಆಮೆ ತನಗೆ ಏನೂ ಆಗದೆ ಹೊತ್ತಿರುವ ರೋಗಾಣು ಕಾಡಿನ ಆಮೆಗಳನ್ನು ಕೊಲ್ಲಬಹುದು. ರಾಣಾವೈರಸ್ ಹಾಗೆ ಹರಡಿದರೆ ಒಂದು ಕಾಡಿನ ಆಮೆಗಳಿಗೇ ಆಪತ್ತು.

ಕಾಡಿನ ಆಮೆ ಗಾಯಗೊಂಡು ಸಿಕ್ಕಿದರೆ ಬೇರೆ ವ್ಯವಸ್ಥೆಯಿದೆ. ಇಲ್ಲೇ ರ‍್ಯಾಲಿಯಲ್ಲಿ, ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳು 1996ರಿಂದ ಟರ್ಟಲ್ ರೆಸ್ಕ್ಯೂ ಟೀಮ್ ನಡೆಸುತ್ತಿದ್ದಾರೆ. ಕಾರಿಗೆ ಸಿಕ್ಕು ಚಿಪ್ಪು ಒಡೆದವನ್ನು ರಿಪೇರಿ ಮಾಡಿ, ವಾಸಿಯಾದ ಮೇಲೆ ಸಿಕ್ಕಿದ ಜಾಗಕ್ಕೇ ಮರಳಿ ಬಿಡುತ್ತಾರೆ. ಅದಕ್ಕೇ ಎಲ್ಲಿ ಸಿಕ್ಕಿತೆಂದು ಸರಿಯಾಗಿ ಬರೆದಿಡುವುದು ಬಹಳ ಮುಖ್ಯ.

ಡಿಸೆಂಬರ್ 9, ಶನಿವಾರ

ಮುಂದಿನ ವಾರ ಅಮ್ಮ ಊರಿಗೆ ಹೊರಡುತ್ತಾಳೆ. ಸ್ನಾನದ ನೀರಿನ ಹದ, ಗೆಣಸನ್ನು ಎಷ್ಟು ಬೇಯಿಸಬೇಕೆಂಬುದು, ಎಲ್ಲವನ್ನೂ ಪುಟ್ಟಿಗೆ ಕಲಿಸಿದ್ದಾಳೆ. ಇವತ್ತು ನಮ್ಮವರು ಒಂದು ಮಾತು ಎತ್ತಿದರು. ಈ ಜಾತಿಯ ಆಮೆ ಐವತ್ತು ವರ್ಷ ದಾಟುವುದು ಅಪರೂಪವಲ್ಲ, ನೂರು ಮುಟ್ಟಿದ್ದೂ ಉಂಟು. ನಮ್ಮ ನಂತರ ಇವನನ್ನು ಯಾರು ನೋಡಿಕೊಳ್ಳಬೇಕೆಂದು ಈಗಲೇ ಬರೆದಿಡೋಣ ಎಂದರು. ಬರೆದೆವು. ಪುಟ್ಟಿಯೂ ತನ್ನ ಹೆಸರನ್ನು ಅಲ್ಲಿ ಬರೆದಳು. ಅಮ್ಮ, "ನೀವು ಮಾಡಿದ್ದು ಸರಿ ಅಳಿಯಂದಿರೇ" ಎಂದಳು.

ನಾರ್ತ್ ಕೆರೊಲಿನಾ 1979ರಲ್ಲೇ ಈ ಆಮೆಯನ್ನು ತನ್ನ ರಾಜ್ಯದ ಸರೀಸೃಪವೆಂದು ಘೋಷಿಸಿದೆ. ಆದರೂ ಇದರ ಸಂಖ್ಯೆ ಕುಗ್ಗುತ್ತಿದೆ. ಮೊಟ್ಟೆಯಿಡುವ ವಯಸ್ಸಿಗೆ ಬರಲು ಹಲವು ವರ್ಷ ಬೇಕು, ಇಟ್ಟರೂ ಒಂದು ಸಲಕ್ಕೆ ನಾಲ್ಕೈದು, ಮರಿಗಳಲ್ಲಿ ಬದುಕುವುದು ಕೆಲವೇ. ಒಂದು ದೊಡ್ಡ ಆಮೆಯನ್ನು ಎತ್ತಿಕೊಂಡು ಹೋದರೆ ಆ ಕಾಡಿಗೆ ಅದು ದಶಕಗಳ ನಷ್ಟ.

ಈ ಪುಟಗಳನ್ನು ಪುಟ್ಟಿ ಮುಂದೊಮ್ಮೆ ಓದುತ್ತಾಳೆಂದು ಸ್ಪಷ್ಟವಾಗಿ ಬರೆದಿಡುತ್ತೇನೆ. ರಸ್ತೆ ದಾಟುವ ಆಮೆ ಕಂಡರೆ, ವಾಹನಗಳಿಲ್ಲವೆಂದು ನೋಡಿಕೊಂಡು, ಅದು ಮುಖ ಮಾಡಿರುವ ಕಡೆಗೇ ದಾಟಿಸಿ ಬಿಡು. ಹಿಂದಕ್ಕೆ ತಿರುಗಿಸಬೇಡ, ಮನೆಗೆ ತರಬೇಡ. ಈಗಾಗಲೇ ಮನೆಯಲ್ಲಿರುವುದನ್ನು ಕಡೆಯವರೆಗೆ ನೋಡಿಕೋ. ವಾರಕ್ಕೊಮ್ಮೆ ತೂಕ ನೋಡು, ಕಣ್ಣು ನೋಡು, ಮೂಗು ನೋಡು. ಕಾಯಿಲೆ ಬಿದ್ದರೆ ಅದು ಕೂಗಿ ಹೇಳುವುದಿಲ್ಲ.